ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಸುದ್ದಿ ಬರೆದೆ, ನೋಟಿಸ್ ಬಂದಿದೆ. ನಾನು ಗೆರೆ ದಾಟಿದೆನಾ?

ಮುಧೋಳದ ಸುದ್ದಿಗಾರ:

ನಮಸ್ಕಾರ ರೀ ಎಲ್ಲರಿಗೂ. ಮುಧೋಳ ತಾಲ್ಲೂಕಿನಿಂದ ಒಂದು ಜಿಲ್ಲಾ ಪತ್ರಿಕೆಗೆ 9 ವರ್ಷದಿಂದ ಸುದ್ದಿ ಕಳಿಸುತ್ತಿದ್ದೇನೆ. ಪೂರ್ತಿ ನೌಕರಿ ಅಲ್ಲ. ಹೊಟ್ಟೆಪಾಡಿಗೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪತ್ರಿಕೆಯವರು ತಿಂಗಳಿಗೆ ಪೆಟ್ರೋಲ್ ಖರ್ಚಿಗೆ ಆಗುವಷ್ಟು ಕೊಡುತ್ತಾರೆ. ಯುಗಾದಿ, ರಾಜ್ಯೋತ್ಸವದ ಪುರವಣಿಗೆ ಜಾಹೀರಾತು ತಂದುಕೊಟ್ಟರೆ ಅದರಲ್ಲಿ ಕಮಿಷನ್. ತಾಲ್ಲೂಕಿನಿಂದ ಬರೆಯುವ ಬಹಳ ಜನರ ಪರಿಸ್ಥಿತಿ ಹೀಗೇ ಇದೆ.

ಈ ಹಂಗಾಮಿನಲ್ಲಿ ನಾಲ್ಕು ಜನ ಕಬ್ಬಿನ ರೈತರು ತೂಕದ ಚೀಟಿ ಝೆರಾಕ್ಸ್ ಮಾಡಿಸಲು ಅಂಗಡಿಗೆ ಬಂದರು. ಮಾತಾಡುತ್ತ ನಿಂತರು. ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಖಾಸಗಿ ಕಾಟಾದ ಮೇಲೆ ಗಾಡಿ ತೂಗಿಸಿದ್ದರಂತೆ. ಆಮೇಲೆ ಕಾರ್ಖಾನೆಯ ಕಾಟಾದಲ್ಲಿ ಅದೇ ಗಾಡಿ 6ರಿಂದ 8 ಕ್ವಿಂಟಲ್ ಕಮ್ಮಿ ತೋರಿಸಿದೆ. ನಮ್ಮ ಕಡೆ ಇದಕ್ಕೆ 'ಕಾಟಾ ಹೊಡೆಯೋದು' ಅಂತಾರೆ. ಟನ್ನಿಗೆ 3,000 ರೂಪಾಯಿ ಹಿಡಿದರೂ 7 ಕ್ವಿಂಟಲ್‌ಗೆ 2,100 ರೂಪಾಯಿ ಹೋಯಿತು. ಅದೂ ಒಂದು ಟ್ರಿಪ್ಪಿಗೆ. ವರ್ಷಗಟ್ಟಲೆ ರಾತ್ರಿ ಕರೆಂಟ್ ಕಾಯ್ದು ನೀರು ಹಾಯಿಸಿದ ಕಬ್ಬು ಅದು. ಸಾಲದ್ದಕ್ಕೆ ಬಿಲ್ಲೂ ಬಂದಿರಲಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಬಡ್ಡಿ ಇರಲಿ, ಅಸಲಿಗೇ ಅವರು ಎರಡು ತಿಂಗಳಿಂದ ಅಲೆಯುತ್ತಿದ್ದರು.

ನಾಲ್ಕೂ ಜನರ ಎರಡೆರಡು ಚೀಟಿ ನೋಡಿದೆ, ಫೋಟೊ ತೆಗೆದುಕೊಂಡೆ. ಸುದ್ದಿ ಬರೆದು ಕಳಿಸಿದೆ. ಕಾರ್ಖಾನೆಯ ಆಫೀಸಿಗೆ ಒಂದು ಸಲ ಫೋನ್ ಮಾಡಿದ್ದೆ, ಎತ್ತಲಿಲ್ಲ. ಮತ್ತೆ ಮಾಡಲಿಲ್ಲ. ಸಂಜೆ ಆರಕ್ಕೆ ಪುಟ ಮುಗಿಸುವ ಗಡಿಬಿಡಿ ಇತ್ತು. ಮರುದಿನ 'ತೂಕದಲ್ಲಿ ರೈತರಿಗೆ ಕಾರ್ಖಾನೆ ಮೋಸ' ಅಂತ ದೊಡ್ಡ ಅಕ್ಷರದಲ್ಲಿ ಬಂತು. ಆ ಹೆಡ್ಡಿಂಗ್ ಕೊಟ್ಟಿದ್ದು ನಾನಲ್ಲ, ಆಫೀಸಿನಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು.

ಹತ್ತು ದಿನಕ್ಕೆ ವಕೀಲರ ನೋಟಿಸ್ ಬಂತು. ನನಗೂ ಸಂಪಾದಕರಿಗೂ. 15 ದಿನದಲ್ಲಿ ಮುಖಪುಟದಲ್ಲಿ ಕ್ಷಮೆ ಕೇಳಬೇಕು, ಇಲ್ಲವಾದರೆ 50 ಲಕ್ಷ ರೂಪಾಯಿ ಪರಿಹಾರದ ದಾವೆ, ಜೊತೆಗೆ ಕ್ರಿಮಿನಲ್ ಕೇಸ್. ನಾನು ಎರಡನೇ ಸುದ್ದಿ ರೆಡಿ ಮಾಡಿದ್ದೆ. ಆ ಕಾಟಾವನ್ನು ತೂಕ-ಅಳತೆ ಇಲಾಖೆಯವರು ಕೊನೆಗೆ ಯಾವಾಗ ತಪಾಸಣೆ ಮಾಡಿದರು ಅಂತ ಕೇಳಿ ಬರೆದದ್ದು. ಸಂಪಾದಕರು 'ಸದ್ಯ ಬೇಡ' ಅಂದರು. ಮುಂದಿನ ವಾರ ಅದೇ ಕಾರ್ಖಾನೆಯ ಅರ್ಧ ಪುಟದ ಸಂಕ್ರಾಂತಿ ಶುಭಾಶಯ ನಮ್ಮ ಪತ್ರಿಕೆಯಲ್ಲೇ ಬಂತು. ನಮ್ಮ ತಾಲ್ಲೂಕಿನ ಜಾಹೀರಾತು, ಅದಕ್ಕೆ ಕಮಿಷನ್ ನನ್ನ ಹೆಸರಿಗೇ ಬರುತ್ತದೆ ಅಂತ ಆಫೀಸಿನಿಂದ ಫೋನ್ ಬಂತು. ಅವತ್ತು ಊಟ ಸೇರಲಿಲ್ಲ.

ಪತ್ರಿಕಾ ಸ್ವಾತಂತ್ರ್ಯ ಅಂತ ಜುಲೈ 1ರ ಪತ್ರಿಕಾ ದಿನಕ್ಕೆ ಪ್ರತಿ ವರ್ಷ ಭಾಷಣ ಕೇಳುತ್ತೇನೆ. ಅದು ನನ್ನಂಥವನಿಗೆ ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯುತ್ತದೆ? ನಾನು ಗೆರೆ ದಾಟಿದ್ದೇನಾ? ಕ್ಷಮೆ ಕೇಳಬೇಕಾ? ತಿಳಿದವರು ಹೇಳಿ.

ಬೆಳಗಾವಿ ವಕೀಲ:

ಮೊದಲು ಧೈರ್ಯ ತಂದುಕೊಳ್ಳಿ. ನೋಟಿಸ್ ಬಂದ ಮಾತ್ರಕ್ಕೆ ಕೇಸ್ ಆದಂತೆ ಅಲ್ಲ. ಅದು ಒಬ್ಬರು ವಕೀಲರು ತಮ್ಮ ಕಕ್ಷಿದಾರರ ಪರವಾಗಿ ಬರೆದ ಪತ್ರ. 50 ಲಕ್ಷ ಅನ್ನುವುದು ಅವರು ಕೇಳಿದ ಮೊತ್ತ, ಕೋರ್ಟ್ ಹೇಳಿದ್ದಲ್ಲ.

ಕ್ರಿಮಿನಲ್ ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. 2024ರ ಜುಲೈ 1ಕ್ಕೆ ಮುಂಚೆ ಐಪಿಸಿ 499, 500 ಅಂತಿದ್ದದ್ದೇ ಇದು. ಹೆಚ್ಚೆಂದರೆ 2 ವರ್ಷ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ. ಹೊಸ ಕಾನೂನಿನಲ್ಲಿ ಸಮುದಾಯ ಸೇವೆ ಅಂತಲೂ ಒಂದು ಸೇರಿಸಿದ್ದಾರೆ. ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಿ ನಿಮ್ಮನ್ನು ಎಳೆದುಕೊಂಡು ಹೋಗುವ ಅಪರಾಧ ಇದಲ್ಲ. ನೊಂದವರೇ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 223ರಂತೆ, ದೂರನ್ನು ವಿಚಾರಣೆಗೆ ತೆಗೆದುಕೊಳ್ಳುವ ಮೊದಲೇ ನಿಮ್ಮ ಮಾತು ಕೇಳಬೇಕು. ಇದು ಹಳೆಯ ಕಾನೂನಿನಲ್ಲಿ ಇರಲಿಲ್ಲ. ಸುಮಾರು ಜನ ವರದಿಗಾರರಿಗೆ ಇದು ಗೊತ್ತೇ ಇಲ್ಲ.

356ರಲ್ಲಿ ವಿನಾಯಿತಿಗಳೂ ಇವೆ. ಮೊದಲನೆಯದು: ಬರೆದದ್ದು ಸತ್ಯ ಆಗಿರಬೇಕು ಮತ್ತು ಜನರ ಹಿತಕ್ಕಾಗಿ ಬರೆದಿರಬೇಕು. ಎರಡೂ ಬೇಕು. ಸಿವಿಲ್ ದಾವೆಯಲ್ಲಿ ಸತ್ಯ ಅಂತ ತೋರಿಸಿದರೆ ಸಾಕು. ಇನ್ನೊಂದು ವಿನಾಯಿತಿ ಸದ್ಭಾವನೆಯಿಂದ, ಜನರ ಒಳಿತಿಗಾಗಿ ಬರೆದದ್ದಕ್ಕೆ. ಇಲ್ಲಿ ಒಂದು ವಿಷಯ ಗಮನಿಸಿ. ಕಾನೂನಿನಲ್ಲಿ ಸದ್ಭಾವನೆ ಅಂದರೆ ಬರೀ ಒಳ್ಳೆ ಮನಸ್ಸು ಅಲ್ಲ. ತಕ್ಕ ಎಚ್ಚರ ವಹಿಸಿ ಮಾಡಿದ ಕೆಲಸ ಅಂತ ಅರ್ಥ. 'ಒಂದು ಸಲ ಫೋನ್ ಮಾಡಿದೆ, ಎತ್ತಲಿಲ್ಲ' ಅನ್ನುವುದು ಕಟಕಟೆಯಲ್ಲಿ ನಿಂತಾಗ ಬಹಳ ಬಡವಾಗಿ ಕೇಳುತ್ತದೆ. ವಿನಾಯಿತಿ ನಮಗೆ ಸಲ್ಲುತ್ತದೆ ಅಂತ ತೋರಿಸುವ ಹೊರೆ ಬರೆದವರ ಮೇಲೇ ಇರುತ್ತದೆ.

2016ರಲ್ಲಿ ಈ ಕಾನೂನನ್ನೇ ತೆಗೆದುಹಾಕಿ ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ವ್ಯಕ್ತಿಯ ಮಾನವೂ ಬದುಕುವ ಹಕ್ಕಿನ ಭಾಗ ಅಂತ ಹೇಳಿ ಕೋರ್ಟ್ ಅದನ್ನು ಉಳಿಸಿತು. ನನಗೆ ಆ ತೀರ್ಪು ಒಪ್ಪಿಗೆ ಇಲ್ಲ. ಮಾನ ಹೋದರೆ ಪರಿಹಾರ ಕೇಳಲಿ, ಅದಕ್ಕೆ ಜೈಲು ಯಾಕೆ? ಮುಧೋಳದಲ್ಲಿ ಬರೆದವನ ಮೇಲೆ ದೂರದ ಊರಿನಲ್ಲಿ ಕೇಸ್ ಹಾಕಿ ಓಡಾಡಿಸುವುದೇ ಶಿಕ್ಷೆ ಆಗಿಬಿಡುತ್ತದೆ. ಆದರೆ ಕಾನೂನು ಸದ್ಯ ಹಾಗಿದೆ.

ಕೋರ್ಟಿನಿಂದ ತಡೆ ತಂದು ಮುಂದಿನ ಸುದ್ದಿಯನ್ನೇ ನಿಲ್ಲಿಸಬಹುದು ಅನ್ನುವ ಭಯವೂ ನಿಮ್ಮ ಸಂಪಾದಕರಿಗೆ ಇರಬಹುದು. ಅದು ಹುಸಿ ಭಯ ಅಲ್ಲ. 2021ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಆರು ಮಂತ್ರಿಗಳು ಒಟ್ಟಾಗಿ ಬೆಂಗಳೂರಿನ ಸಿವಿಲ್ ಕೋರ್ಟಿನಿಂದ 68 ಮಾಧ್ಯಮ ಸಂಸ್ಥೆಗಳ ಮೇಲೆ ತಡೆ ತಂದಿದ್ದರು. ಆದರೆ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೆಳಗಿನ ಕೋರ್ಟುಗಳಿಗೆ ಸ್ಪಷ್ಟವಾಗಿ ಹೇಳಿದೆ: ವಿಚಾರಣೆಗೆ ಮುಂಚೆಯೇ ಲೇಖನಕ್ಕೆ ತಡೆ ಕೊಡುವುದು ಬರೆದವರ ಹಕ್ಕಿಗೂ ಜನರ ತಿಳಿಯುವ ಹಕ್ಕಿಗೂ ಪೆಟ್ಟು, ಅಪರೂಪಕ್ಕೆ ಮಾತ್ರ ಕೊಡಬೇಕು. ಆ ತೀರ್ಪು ನಿಮ್ಮ ವಕೀಲರ ಕೈಯಲ್ಲಿರಲಿ.

ಮೂಲ ಚೀಟಿಗಳನ್ನು ರೈತರು ಕಳೆಯದಂತೆ ನೋಡಿಕೊಳ್ಳಿ. ಫೋನಿನಲ್ಲಿರುವ ಫೋಟೊ ಅಳಿಸಬೇಡಿ. ನೋಟಿಸಿಗೆ ನೀವೇ ಸಿಟ್ಟಿನಲ್ಲಿ ಉತ್ತರ ಬರೆಯಬೇಡಿ. ವಾಟ್ಸ್ಆ್ಯಪ್ ಸ್ಟೇಟಸ್ಸಿಗೂ ಹಾಕಬೇಡಿ.

ಬಾಗಲಕೋಟೆ ಕಿರಾಣಿ:

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಪತ್ರಿಕಾ ಸ್ವಾತಂತ್ರ್ಯ ಅಂದ ಕೂಡಲೇ ನನಗೆ ಮೈ ಉರಿಯುತ್ತದೆ. ನವನಗರದಲ್ಲಿ ನನ್ನ ಅಂಗಡಿ. ಎರಡು ವರ್ಷದ ಹಿಂದೆ ಇಬ್ಬರು ಬಂದರು. ಬೈಕಿನ ಮೇಲೆ 'ಪ್ರೆಸ್' ಅಂತ ಸ್ಟಿಕ್ಕರ್, ಕೈಯಲ್ಲಿ ಯೂಟ್ಯೂಬ್ ಚಾನೆಲ್ಲಿನ ಮೈಕು. ಎಣ್ಣೆ ಡಬ್ಬಿ ಹಿಡಿದು 'ಇದು ಕಲಬೆರಕೆ, ವಿಡಿಯೊ ಮಾಡಿದ್ದೇವೆ' ಅಂದರು. ನಾನು ಏಜೆನ್ಸಿಯ ಬಿಲ್ ತೋರಿಸಿದೆ. ನೋಡಲಿಲ್ಲ. ಐದು ಸಾವಿರ ಕೊಟ್ಟರೆ ಹಾಕುವುದಿಲ್ಲ ಅಂದರು. ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದರು. ಕೊಟ್ಟುಬಿಟ್ಟೆ. ಆ ದುಡ್ಡಿಗಿಂತ, ನನ್ನ ಮಗ ಪಕ್ಕದಲ್ಲೇ ನಿಂತು ನೋಡಿದ್ದು ಇವತ್ತಿಗೂ ನೋವಾಗುತ್ತದೆ.

ಇಂಥವರಿಗೆ ಮಿತಿ ಹಾಕುವವರು ಯಾರು? ಎಲ್ಲ ಪತ್ರಕರ್ತರಿಗೂ ಲೈಸೆನ್ಸ್ ಮಾಡಬೇಕು, ತಪ್ಪಿದರೆ ಕಿತ್ತುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ಬೆಳಗಾವಿ ವಕೀಲ:

ನಿಮಗೆ ಆದದ್ದು ಸುಲಿಗೆ. ನ್ಯಾಯ ಸಂಹಿತೆಯ 308ನೇ ಕಲಮು. ಮೈಕು ಹಿಡಿದಿದ್ದರೂ ಅದು ಸುಲಿಗೆಯೇ, ಚಾಕು ಹಿಡಿದಿದ್ದರೂ ಸುಲಿಗೆಯೇ. ಅದಕ್ಕೆ ಹೊಸ ಲೈಸೆನ್ಸ್ ಬೇಡ, ಇದ್ದ ಕಾನೂನಿನಲ್ಲಿ ಒಂದು ದೂರು ಸಾಕು. ಲೈಸೆನ್ಸ್ ಕೊಡುವ ಅಧಿಕಾರ ಸರ್ಕಾರದ ಕೈಗೆ ಹೋದರೆ ಮೊದಲು ಕಳೆದುಕೊಳ್ಳುವವರು ಕಾಟಾ ಬಗ್ಗೆ ಬರೆದ ಈ ಮುಧೋಳದವರೇ ಆಗುತ್ತಾರೆ, ಆ ಇಬ್ಬರು ಬೈಕಿನವರಲ್ಲ.

ಹಳೇ ಡೆಸ್ಕು, ವಿಜಯಪುರ:

ತಮ್ಮಾ, ನಾನು 1984ರಲ್ಲಿ ಪ್ರೂಫ್ ತಿದ್ದಲು ಸೇರಿದವನು. ಆಮೇಲೆ ಉಪಸಂಪಾದಕನಾಗಿ 31 ವರ್ಷ ಡೆಸ್ಕಿನಲ್ಲಿ ಕೂತು ಎದ್ದೆ. ಈಗ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಮನೆ, ಬೆಳಿಗ್ಗೆ ನಾಲ್ಕು ಪತ್ರಿಕೆ ಓದುತ್ತೇನೆ. ನಿನ್ನ ಪ್ರಶ್ನೆ ಓದಿ ಎರಡು ದಿನ ಸುಮ್ಮನಿದ್ದೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಎಲ್ಲಿಂದ ಶುರುವಾಗುತ್ತದೆ ಅಂತ ಕೇಳಿದೆಯಲ್ಲ. ನಮ್ಮ ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯ ಕೊಡುವುದು 19ನೇ ವಿಧಿ, ಪತ್ರಿಕೆ ಅನ್ನುವ ಪದವೇ ಅದರಲ್ಲಿ ಇಲ್ಲ. ಸಂವಿಧಾನ ಸಭೆಯಲ್ಲಿ ಈ ಮಾತು ಬಂದಾಗ ಅಂಬೇಡ್ಕರ್ ಅವರು ಪತ್ರಿಕೆಗೆ ಬೇರೆ ಹಕ್ಕು ಬೇಕಿಲ್ಲ, ಒಬ್ಬ ನಾಗರಿಕನಿಗೆ ಇರುವ ಹಕ್ಕೇ ಸಂಪಾದಕನಿಗೂ ಇರುವುದು ಅಂತ ವಿವರಿಸಿದ್ದರು. ಹಾಗಾಗಿ ನಿನ್ನ ಹತ್ತಿರ ಇರುವ ಹಕ್ಕು, ಆ ನಾಲ್ಕು ಜನ ರೈತರ ಹತ್ತಿರ ಇರುವ ಹಕ್ಕು, ನವನಗರದ ಆ ಕಿರಾಣಿ ಅಣ್ಣನ ಹತ್ತಿರ ಇರುವ ಹಕ್ಕು, ಮೂರೂ ಒಂದೇ. ನಿನಗೆ ಜಾಸ್ತಿ ಇರುವುದು ಹಕ್ಕಲ್ಲ, ಸಾವಿರಾರು ಮನೆಗೆ ಹೋಗುವ ಕಾಗದ. ಅದಕ್ಕೇ ನಿನ್ನ ಒಂದು ಪದಕ್ಕೆ ಅವರ ಪದಕ್ಕಿಂತ ತೂಕ ಜಾಸ್ತಿ.

ಮಿತಿಯ ಕಥೆಯೂ ಹಳೆಯದು. ಬ್ರಿಟಿಷರ ಕಾಲ ಬಿಡು. ಬೆಳಗಾವಿಯಲ್ಲಿ 1916ರಲ್ಲಿ ಹೋಂ ರೂಲ್ ಲೀಗ್ ಶುರು ಮಾಡಿದ ತಿಲಕರು ಅದಕ್ಕೂ ಮುಂಚೆ ತಮ್ಮ ಕೇಸರಿ ಪತ್ರಿಕೆಯಲ್ಲಿ ಬಂದ ಲೇಖನಗಳಿಗಾಗಿ ಬರ್ಮಾದ ಮಂಡಾಲೆ ಜೈಲಿನಲ್ಲಿ 6 ವರ್ಷ ಶಿಕ್ಷೆ ಉಂಡು ಬಂದಿದ್ದರು. ಸ್ವಾತಂತ್ರ್ಯ ಬಂದ ಮೇಲೂ ಜಗಳ ನಿಲ್ಲಲಿಲ್ಲ. 1950ರಲ್ಲಿ ಮದ್ರಾಸ್ ಸರ್ಕಾರ ಕ್ರಾಸ್ ರೋಡ್ಸ್ ಅನ್ನುವ ಪತ್ರಿಕೆ ತನ್ನ ರಾಜ್ಯಕ್ಕೆ ಬರಬಾರದು ಅಂತ ತಡೆಯಿತು. ಸುಪ್ರೀಂ ಕೋರ್ಟ್ ಆ ತಡೆಯನ್ನು ಹೊಡೆದು ಹಾಕಿತು. ಮುಂದಿನ ವರ್ಷವೇ, 1951ರಲ್ಲಿ, ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ಸಾರ್ವಜನಿಕ ಶಾಂತಿ, ಅಪರಾಧಕ್ಕೆ ಪ್ರಚೋದನೆ ಇವನ್ನು ಮಿತಿಗಳ ಪಟ್ಟಿಗೆ ಸೇರಿಸಿದರು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಪದವೂ ಬಂತು: ನಿರ್ಬಂಧ 'ಸಮಂಜಸ' ಆಗಿರಬೇಕು. ಆ ಒಂದು ಪದ ಹಿಡಿದುಕೊಂಡೇ ಅಲ್ಲಿಂದ ಇಲ್ಲಿವರೆಗೆ ಕೋರ್ಟುಗಳಲ್ಲಿ ವಾದ ನಡೆದಿದೆ.

ನೇರವಾಗಿ ಬಾಯಿ ಮುಚ್ಚಿಸಲು ಆಗದಾಗ ಸರ್ಕಾರಗಳು ಹೊಟ್ಟೆಗೆ ಕೈ ಹಾಕಿದವು. ಪುಣೆಯ ಸಕಾಳ ಪತ್ರಿಕೆಯ ಪ್ರಕರಣ 1962ರದ್ದು. ಇಷ್ಟು ಪುಟ ಕೊಟ್ಟರೆ ಇಷ್ಟು ಬೆಲೆ ಇಡಬೇಕು ಅಂತ ಸರ್ಕಾರ ನಿಯಮ ಮಾಡಿತ್ತು. ಪುಟ ಕಮ್ಮಿ ಮಾಡಬೇಕು, ಇಲ್ಲವೇ ಬೆಲೆ ಏರಿಸಿ ಓದುಗರನ್ನು ಕಳೆದುಕೊಳ್ಳಬೇಕು. ಕೋರ್ಟ್ ಅದನ್ನು ರದ್ದು ಮಾಡಿತು. ಸುದ್ದಿ ಕಾಗದದ ಹಂಚಿಕೆಯಲ್ಲಿ ಪುಟಕ್ಕೆ ಮಿತಿ ಹಾಕಿದ್ದೂ 1972ರಲ್ಲಿ ಬಿದ್ದುಹೋಯಿತು. ಮೂರೇ ವರ್ಷಕ್ಕೆ ತುರ್ತು ಪರಿಸ್ಥಿತಿ ಬಂದು ಸೆನ್ಸಾರ್ ಅಧಿಕಾರಿಗಳು ಪುಟ ನೋಡಲು ಶುರು ಮಾಡಿದರು, ಅದು ಬೇರೆ ಮಾತು. ನಾನು ಸೇರಿದಾಗ ನನ್ನ ಹಿರಿಯರು ಆ ದಿನಗಳನ್ನು ನೆನೆಯುತ್ತಿದ್ದರು. ಸುದ್ದಿ ಹೋದ ಜಾಗದಲ್ಲಿ ಅಡುಗೆ ಲೇಖನ ಹಾಕಿದ್ದೆವು ಅಂತ ಹೇಳುವಾಗ ಒಬ್ಬರ ದನಿ ನಡುಗುತ್ತಿತ್ತು.

ಕಾಗದದ ಬಾಗಿಲನ್ನು ಕೋರ್ಟ್ ಮುಚ್ಚಿತು. ಜಾಹೀರಾತಿನ ಬಾಗಿಲು ಹಾಗೇ ತೆರೆದಿದೆ. ನಿನ್ನ ಎರಡನೇ ಸುದ್ದಿಯನ್ನು ಯಾವ ಕಾನೂನೂ ತಡೆಯಲಿಲ್ಲ ನೋಡು. ಅರ್ಧ ಪುಟದ ಸಂಕ್ರಾಂತಿ ಶುಭಾಶಯ ತಡೆಯಿತು. ಯಾವ ಕೋರ್ಟಿಗೆ ಹೋಗಿ ಕೇಳುತ್ತೀ? ನನ್ನ ಕಾಲದಲ್ಲೂ ಇದು ಇತ್ತು. ನಾನೂ ಇಂಥ ಸುದ್ದಿಗಳನ್ನು 'ಜಾಗ ಇಲ್ಲ' ಅಂತ ಬರೆದು ಪಕ್ಕಕ್ಕೆ ಇಟ್ಟಿದ್ದೇನೆ. ಜಾಗ ಇತ್ತು.

ಅಧಿಕಾರದವರಿಗೆ ಇನ್ನೊಂದು ಅಸ್ತ್ರವೂ ಇದೆ. 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆ ಹಾಯ್ ಬೆಂಗಳೂರ್‌ನ ರವಿ ಬೆಳಗೆರೆ ಮತ್ತು ಇನ್ನೊಬ್ಬ ಸಂಪಾದಕರಿಗೆ ಹಕ್ಕುಚ್ಯುತಿ, ಅಂದರೆ ಶಾಸಕರ ವಿಶೇಷ ಹಕ್ಕಿಗೆ ಧಕ್ಕೆ, ಅಂತ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ವಿಧಿಸಿತು. ಬರಹ ಶಾಸಕರ ವಿರುದ್ಧ, ದೂರು ಶಾಸಕರದ್ದು, ತೀರ್ಪೂ ಶಾಸಕರದ್ದೇ. ಆ ಬರಹ ಚೆನ್ನಾಗಿತ್ತೋ ಕೆಟ್ಟದಾಗಿತ್ತೋ, ಅದು ನನಗೆ ಮುಖ್ಯ ಅಲ್ಲ. ದೂರು ಕೊಟ್ಟವರೇ ನ್ಯಾಯಾಧೀಶರಾಗಿ ಕೂರಬಾರದು.

ಈಗ ನಿನ್ನ ತಪ್ಪಿಗೆ ಬರುತ್ತೇನೆ. ಕೆಟ್ಟದಾಗಿ ತಿಳಿಯಬೇಡ. 'ಮೋಸ' ಅನ್ನುವುದು ಮನಸ್ಸಿನ ಒಳಗಿನ ಮಾತು. ಬೇಕಂತಲೇ ಮಾಡಿದರು ಅಂತ ಅರ್ಥ. ನಿನ್ನ ಕೈಯಲ್ಲಿ ಇದ್ದದ್ದು ಎರಡು ತೂಕಗಳ ನಡುವಿನ ವ್ಯತ್ಯಾಸ. 'ಎರಡು ಕಾಟಾ, ಎರಡು ತೂಕ: ರೈತರ ದೂರು' ಅಂತ ಹಾಕಿದ್ದರೆ ಸುದ್ದಿಯ ಬಿಸಿ ಒಂದು ಚೂರೂ ಕಮ್ಮಿ ಆಗುತ್ತಿರಲಿಲ್ಲ. ಹೆಡ್ಡಿಂಗ್ ನಿನ್ನದಲ್ಲ, ಒಪ್ಪಿದೆ. ಆದರೆ ನೀನು ಬರೆದು ಕಳಿಸಿದ ಕಾಪಿಯಲ್ಲಿ ಆ ಪದ ಇತ್ತಾ? ಇದ್ದರೆ ಡೆಸ್ಕಿನವನು ಅದನ್ನೇ ಎತ್ತಿಕೊಂಡಿರುತ್ತಾನೆ. ನಾನಾಗಿದ್ದರೂ ಎತ್ತಿಕೊಳ್ಳುತ್ತಿದ್ದೆ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಎರಡೂ ಚೀಟಿಗಳ ಮೇಲೆ ಹೊತ್ತು ಎಷ್ಟಿದೆ? ನಾನು ಹುಟ್ಟಿದ್ದು ಇಂಡಿ ಕಡೆ, ನಮ್ಮದೂ ಕಬ್ಬು ಇತ್ತು. ಕಾರ್ಖಾನೆಯ ಅಂಗಳದಲ್ಲಿ ಗಾಡಿ ಒಂದೂವರೆ ದಿನ ಬಿಸಿಲಿಗೆ ನಿಂತರೆ ಕಬ್ಬು ಒಣಗಿ ತೂಕ ಇಳಿಯುತ್ತದೆ. ಅವರ ವಕೀಲರು ಮೊದಲು ಕೇಳುವ ಪ್ರಶ್ನೆ ಇದೇ. ನೀನು ಸುದ್ದಿ ಬರೆಯುವ ಮೊದಲೇ ಅದನ್ನು ಕೇಳಿಕೊಳ್ಳಬೇಕಿತ್ತು.

ಕಬ್ಬು ಬೆಳಗಾರನ ಮಗ:

ಅಣ್ಣಾರ, ಕ್ಷಮಾ ಏನ್ ಕೇಳಬ್ಯಾಡ್ರಿ. ನಮ್ಮೂರಾಗ ಆ ಪೇಪರ್ ಕಟ್ ಮಾಡಿ ಹೋಟೆಲ್ ಗ್ವಾಡಿಗೆ ಅಂಟಿಸ್ಯಾರ.

ಒಂದು ವಿಷಯ ಮಾತ್ರ ಹೇಳುತ್ತೇನೆ. ನೀವು ಸುದ್ದಿಯಲ್ಲಿ ಆ ನಾಲ್ಕು ಜನರ ಹೆಸರು, ಊರು ಹಾಕಿದ್ದೀರಿ. ಅದರಲ್ಲಿ ಒಬ್ಬರು ನಮ್ಮ ಕಾಕಾ ಆಗಬೇಕು. ಸುದ್ದಿ ಬಂದ ಮೇಲೆ ಅವರ ಹೊಲಕ್ಕೆ ಕಟಾವಿನ ಗ್ಯಾಂಗ್ ಬರುವುದು ಮುಂದೆ ಮುಂದೆ ಹೋಗುತ್ತಿದೆ. ಬೇಕಂತ ಮಾಡುತ್ತಿದ್ದಾರೋ ಇಲ್ಲವೋ ಹೇಳಲು ಬರುವುದಿಲ್ಲ. ಇನ್ನೂ ಒಂದು ಎಕರೆ ಕಬ್ಬು ನಿಂತಿದೆ, ಹೂ ಬಿಟ್ಟಿದೆ. ಬರೆಯುವ ಮುಂಚೆ 'ಹೆಸರು ಹಾಕಲಾ?' ಅಂತ ಕೇಳಿದ್ದಿರಾ? ಸಿಟ್ಟಿನಿಂದ ಕೇಳುತ್ತಿಲ್ಲ. ನೀವು ಬರೆಯಬೇಕು. ನೀವು ಬರೆಯದಿದ್ದರೆ ನಮ್ಮ ಕಡೆ ಯಾರೂ ಬರೆಯುವುದಿಲ್ಲ.

ಬಾಗೇವಾಡಿ ಟೀಚರ್:

ಎಲ್ಲರೂ ಕಾರ್ಖಾನೆ, ಮಂತ್ರಿ, ಕೋರ್ಟ್ ಅಂತ ಬರೆಯುತ್ತಿದ್ದೀರಿ. ನಾನು ಒಂದು ಹುಡುಗಿಯ ಬಗ್ಗೆ ಬರೆಯಬೇಕು.

ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಶಿಕ್ಷಕಿ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಒಂದು ಮಗುವಿನ ವಿಷಯದಲ್ಲಿ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಕೇಸ್ ಆಯಿತು. ಮರುದಿನ ಸ್ಥಳೀಯ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು. ಹೆಸರು ಹಾಕಿರಲಿಲ್ಲ. ಆದರೆ ಊರಿನ ಹೆಸರು ಇತ್ತು, ತರಗತಿ ಇತ್ತು, ಅಪ್ಪ ಏನು ಕೆಲಸ ಮಾಡುತ್ತಾನೆ ಅಂತ ಇತ್ತು. ಆ ಊರಿನಲ್ಲಿ ಆ ಕೆಲಸ ಮಾಡುವವನು ಒಬ್ಬನೇ. ಇನ್ನು ಹೆಸರು ಯಾಕೆ ಬೇಕು, ಅಲ್ವಾ? ಬೆಳಿಗ್ಗೆ ಪತ್ರಿಕೆ ಬಂತು, ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಎಲ್ಲ ಮಕ್ಕಳಿಗೂ ಗೊತ್ತಾಗಿತ್ತು. ಆ ಮಗು ಮತ್ತೆ ನಮ್ಮ ಶಾಲೆಗೆ ಬರಲಿಲ್ಲ. ಅಜ್ಜಿಯ ಊರಿಗೆ ಕಳಿಸಿದರು.

ನಾನು ಆ ವರದಿಗಾರರಿಗೆ ಫೋನ್ ಮಾಡಿದೆ. 'ಮೇಡಂ, ಹೆಸರು ಹಾಕಿಲ್ವಲ್ಲ' ಅಂದರು. ತಪ್ಪು ಮಾಡಿದ್ದೇನೆ ಅಂತ ಅವರಿಗೆ ಅನಿಸಲೇ ಇಲ್ಲ. ಆಮೇಲೆ ನಾನೇ ಕಾನೂನು ತೆಗೆದು ಓದಿದೆ. ಪೋಕ್ಸೊ ಕಾಯ್ದೆಯ 23ನೇ ಕಲಮು ಹೆಸರು ಒಂದನ್ನೇ ಹೇಳುವುದಿಲ್ಲ. ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ಅಕ್ಕಪಕ್ಕದ ಜಾಗ, ಮಗು ಯಾರು ಅಂತ ಗೊತ್ತಾಗುವ ಬೇರೆ ಯಾವುದೇ ವಿವರ, ಏನೂ ಬರಬಾರದು. ತಪ್ಪಿದರೆ ಕನಿಷ್ಠ 6 ತಿಂಗಳು, ಗರಿಷ್ಠ ಒಂದು ವರ್ಷ ಜೈಲು, ಅಥವಾ ದಂಡ, ಅಥವಾ ಎರಡೂ. ಬರೆದವರ ಜೊತೆ ಪತ್ರಿಕೆಯ ಮಾಲೀಕರೂ ಹೊಣೆ. ಆ ಮಗುವಿನ ಅಪ್ಪನಿಗೆ ಇದನ್ನು ಓದಿ ಹೇಳಿದೆ. ಅವರು ಕೈ ಮುಗಿದರು. 'ಇನ್ನೊಂದು ಕೇಸ್ ಬೇಡ ಟೀಚರ್' ಅಂದರು.

ಭಾರತೀಯ ಪತ್ರಿಕಾ ಮಂಡಳಿಗೆ ಬರೆಯೋಣ ಅಂತ ನೋಡಿದೆ. ಮೊದಲು ಸಂಪಾದಕರಿಗೆ ಪತ್ರ ಬರೆಯಬೇಕು, ಸುದ್ದಿ ಬಂದ ಎರಡು ತಿಂಗಳೊಳಗೆ ಮಂಡಳಿಗೆ ದೂರು ಕೊಡಬೇಕು. ನಾನು ಇಷ್ಟು ತಿಳಿದುಕೊಳ್ಳುವ ಹೊತ್ತಿಗೆ ಎರಡು ತಿಂಗಳು ಮುಗಿದಿತ್ತು. ಮುಗಿಯದೇ ಇದ್ದರೂ ಮಂಡಳಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ಒಂದು ರೂಪಾಯಿ ದಂಡ ಹಾಕುವ ಅಧಿಕಾರವೂ 1978ರ ಆ ಕಾಯ್ದೆಯಲ್ಲಿ ಅದಕ್ಕೆ ಇಲ್ಲ.

ಮುಧೋಳದ ಸರ್, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಕಾಟಾ ಸುದ್ದಿಗೆ ನೀವು ನಿಲ್ಲಲೇಬೇಕು ಅಂತ ನನಗೂ ಅನಿಸುತ್ತದೆ. ಆದರೆ ಕಾರ್ಖಾನೆ ನೋಟಿಸ್ ಕಳಿಸಬಲ್ಲದು. ಆ ಮಗುವಿನ ಅಪ್ಪ ಕಳಿಸಲಾರ. 9 ವರ್ಷದಲ್ಲಿ ಇಂಥ ಸುದ್ದಿ ನೀವೂ ಬರೆದಿದ್ದೀರಾ? ಉತ್ತರ ಇಲ್ಲಿ ಬರೆಯಬೇಕು ಅಂತಿಲ್ಲ. ಒಮ್ಮೆ ತೆಗೆದು ನೋಡಿ.

ಮುಧೋಳದ ಸುದ್ದಿಗಾರ:

ತಡವಾಗಿ ಬರೆಯುತ್ತಿದ್ದೇನೆ. ಹನ್ನೆರಡು ದಿನ ಓಡಾಟ ಆಯಿತು.

ಹಳೇ ಡೆಸ್ಕಿನ ಅಜ್ಜಾರು ಕೇಳಿದಂತೆ ಚೀಟಿಗಳ ಹೊತ್ತು ನೋಡಿದೆ. ಎರಡು ಗಾಡಿಗಳದ್ದು ಹೊರಗಿನ ಕಾಟಾಕ್ಕೂ ಕಾರ್ಖಾನೆ ಕಾಟಾಕ್ಕೂ ಎರಡು ಗಂಟೆಯೂ ಅಂತರ ಇಲ್ಲ. ವ್ಯತ್ಯಾಸ 6 ಕ್ವಿಂಟಲ್ ಒಂದು, 7 ಕ್ವಿಂಟಲ್ ಒಂದು. ಉಳಿದ ಎರಡರಲ್ಲಿ ಒಂದಕ್ಕೆ 26 ಗಂಟೆ, ಇನ್ನೊಂದಕ್ಕೆ 31 ಗಂಟೆ ಅಂತರ ಇದೆ. ಗಾಡಿ ಸಾಲಿನಲ್ಲಿ ನಿಂತಿತ್ತು ಅಂತ ರೈತರೇ ಒಪ್ಪಿದರು. ಚೀಟಿಯ ಮೂಲೆಯಲ್ಲಿ ಹೊತ್ತು ಅಚ್ಚಾಗಿತ್ತು. ನಾನೇ ಝೆರಾಕ್ಸ್ ತೆಗೆದವನು. ನೋಡಿರಲಿಲ್ಲ. 'ಮೋಸ' ಅನ್ನುವ ಪದವೂ ನನ್ನ ಕಾಪಿಯ ಮೂರನೇ ಸಾಲಿನಲ್ಲಿ ಇದೆ.

ವಕೀಲರ ಮೂಲಕ ನೋಟಿಸಿಗೆ ಉತ್ತರ ಕೊಟ್ಟಿದ್ದೇವೆ. ಕ್ಷಮೆ ಕೇಳಿಲ್ಲ. ಎರಡು ಗಾಡಿಗಳ ಚೀಟಿ ಲಗತ್ತಿಸಿದ್ದೇವೆ. ಉಳಿದ ಎರಡರ ಬಗ್ಗೆ ಸಮಯದ ಅಂತರ ಬರೆಯದೇ ಇದ್ದದ್ದು ತಪ್ಪು, ತಿದ್ದುಪಡಿ ಹಾಕುತ್ತೇವೆ ಅಂತ ಒಪ್ಪಿಕೊಂಡಿದ್ದೇವೆ. ಸಂಪಾದಕರು ಮೊದಲು ಬೇಡ ಅಂದರು. 'ತಿದ್ದುಪಡಿ ಹಾಕಿದರೆ ನಮಗೇ ಒಳ್ಳೇದು ಸರ್, ಉಳಿದ ಎರಡು ಗಟ್ಟಿಯಾಗಿ ನಿಲ್ಲುತ್ತವೆ' ಅಂತ ಹೇಳಿದ ಮೇಲೆ ಒಪ್ಪಿದರು. ಐದನೇ ಪುಟದಲ್ಲಿ ಬಂದಿದೆ, ಸಣ್ಣದಾಗಿ. ಜಾಹೀರಾತಿನ ಕಮಿಷನ್ ಬೇಡ ಅಂತ ಬರೆದುಕೊಟ್ಟೆ. ಅದು ದೊಡ್ಡ ಕೆಲಸ ಅಂತ ಹೇಳುತ್ತಿಲ್ಲ. ಇಟ್ಟುಕೊಂಡು ಆ ರೈತರ ಮುಖ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಕಾರ್ಖಾನೆಗೂ ಹೋಗಿ ಆರು ಪ್ರಶ್ನೆ ಬರೆದ ಪತ್ರ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಂಡು ಬಂದೆ. ತೂಕ-ಅಳತೆ ಇಲಾಖೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇನೆ. ಆ ಕಾಟಾದ ತಪಾಸಣೆ ದಾಖಲೆ ಕೇಳಿದ್ದೇನೆ. 30 ದಿನ ಕಾಯಬೇಕು. ಎರಡನೇ ಸುದ್ದಿ ಅದು ಬಂದ ಮೇಲೆ ಮತ್ತೆ ಕಳಿಸುತ್ತೇನೆ. ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ.

ಬೆಳಗಾರನ ಮಗನಿಗೆ: ಇಲ್ಲ ತಮ್ಮಾ, ಕೇಳಿರಲಿಲ್ಲ. ಮೊನ್ನೆ ನಿಮ್ಮ ಕಾಕಾ ಅವರ ಹೊಲಕ್ಕೆ ಹೋಗಿದ್ದೆ. ನಾಲ್ಕು ಸಾಲು ಕಡಿದು ಬಿಟ್ಟು ಗ್ಯಾಂಗ್ ಬೇರೆ ಹೊಲಕ್ಕೆ ಹೋಗಿತ್ತು. ನನಗೆ ಚಹಾ ಕೊಟ್ಟರು. ಏನೂ ಅನ್ನಲಿಲ್ಲ.

ಟೀಚರ್, ನನ್ನ ಕಟಿಂಗ್ ಎಲ್ಲ ಒಂದು ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದೇನೆ. ಭಾನುವಾರ ಅಂಗಡಿ ತೆರೆಯದೆ ಕೂತು ನೋಡಿದೆ. ನೀವು ಹೇಳಿದಂಥ ಸುದ್ದಿ ಮೂರು ಸಿಕ್ಕವು. ಮೂರರಲ್ಲೂ ಹೆಸರಿಲ್ಲ. ಮೂರರಲ್ಲೂ ಊರಿದೆ. ಒಂದರಲ್ಲಿ ಮನೆಯ ಪಕ್ಕದ ಗುಡಿಯ ಹೆಸರಿದೆ. ಆ ಸುದ್ದಿ ಪತ್ರಿಕೆಯ ವೆಬ್‌ಸೈಟಿನಲ್ಲಿ ಇನ್ನೂ ಇದೆ. ತೆಗೆಯಿರಿ ಅಂತ ಸೋಮವಾರ ಬೆಳಿಗ್ಗೆಯೇ ಆಫೀಸಿಗೆ ಬರೆದೆ. ಇವತ್ತು ಗುರುವಾರ, ಇನ್ನೂ ತೆಗೆದಿಲ್ಲ. ನಾಳೆ ಬಸ್ಸಿಗೆ ಬಾಗಲಕೋಟೆಗೆ ಹೋಗುತ್ತಿದ್ದೇನೆ. ತೆಗೆಯುವ ತನಕ ಅಲ್ಲೇ ಕೂರುತ್ತೇನೆ.